ಭಂಡಾರ ಹಚ್ಚಿದ ಅರೆಬೆಸುಗೆ

ಜೀಪು ಬಂದು ನಿಂತಿತು. ಆದರೆ ಅದರ ಬಾಗಿಲು ತೆರೆಯಲಿಲ್ಲ.

ಒಳಗಿನಿಂದ ಯಾರೋ ಭುಜ ಕೊಟ್ಟು ಗುದ್ದಿದರು. ಒಮ್ಮೆ... ಮತ್ತೊಮ್ಮೆ... ತಗಡು ನರಳಿತು, ಬಾಗಿಲು ಕದಲಲಿಲ್ಲ. ಕೊನೆಗೆ ಕಿಟಕಿಯಿಂದ ಎರಡು ಕಾಲುಗಳು ಹೊರಬಂದವು. ಅವುಗಳ ಹಿಂದೆ ಒಬ್ಬ ತರುಣ ಕೆಳಗೆ ಜಾರಿದ.

ಅವನ ಬಿಳಿ ಅಂಗಿಯ ಎದೆಯ ತುಂಬ ರಕ್ತ!

ಭಾಗ್ಯಾಳ ಕೈಯಲ್ಲಿದ್ದ ವೆಲ್ಡಿಂಗ್ ಹೋಲ್ಡರ್ ಅಲ್ಲಿಯೇ ನಿಂತಿತು. ಮುಖದ ಕಪ್ಪು ಗಾಜನ್ನು ಮೇಲಕ್ಕೆತ್ತಿ ಓಡಿಬಂದಳು.

"ಅಯ್ಯ! ಎಲ್ಲಿ ಪೆಟ್ಟಾಗೇತ್ರಿ?"

"ನನ್ನ ರಕ್ತ ಅಲ್ರಿ ಇದು. ಕುರಿ ಹೆರಿಗಿ ಮಾಡಿಸಿ ಬಂದೇನಿ." ಅವನು ನಕ್ಕ. "ತಾಯಿ, ಮರಿ ಎರಡೂ ಅರಾಮ ಅದಾವ."

ಅಷ್ಟು ರಕ್ತದ ನಡುವೆ ಅಂಥದೊಂದು ನಗು! ಅವಳು ಕಣ್ಣು ತೆಗೆಯದೆ ನೋಡಿದಳು. ಅದು ಹೆದರಿಕೆಯೋ ಬೇರೆಯೇನೋ ಅವಳಿಗೆ ತಿಳಿಯಲಿಲ್ಲ.

ದೇವರ ಹಿಪ್ಪರಗಿಯಲ್ಲಿ ಸಿಂದಗಿ ರಸ್ತೆಗೆ ಅಂಟಿಕೊಂಡ ಆ ವರ್ಕ್‌ಶಾಪು ಅವಳ ಅಪ್ಪ ಸೋಮನಿಂಗನದು. ಟ್ರ್ಯಾಕ್ಟರಿನ ಟ್ರೇಲರು, ಕುಂಟೆ, ಕೊಟ್ಟಿಗೆಯ ಗೇಟು ಎಲ್ಲವೂ ಅಲ್ಲಿ ಹುಟ್ಟುತ್ತಿದ್ದವು. ವರುಷಗಟ್ಟಲೆ ವೆಲ್ಡಿಂಗ್ ಕಿಡಿಯ ಬೆಳಕು ನೋಡಿ ನೋಡಿ ಸೋಮನಿಂಗನ ಕಣ್ಣು ಮಂಜಾಗಿತ್ತು. ಈಗ ಬೆಂಕಿ ಹಿಡಿಯುವವಳು ಮಗಳು.

ಬಾಗಿಲಲ್ಲಿ ಬೇಳೆ ಆರಿಸುತ್ತ ಕೂತಿದ್ದ ಅಜ್ಜಿ ಕಸ್ತೂರೆವ್ವನ ಕೈ ಮೊರದಲ್ಲೇ ನಿಂತುಬಿಟ್ಟಿತ್ತು.

"ಬಾಗಲಾ ಇದ್ದೂ ಹೆಣಾ ತಗದಂಗ ಕಿಟಕ್ಯಾಗ ಹೊರಗ ಬಂದಾನ... ಮೈಮ್ಯಾಲೆ ರಕ್ತ ಬ್ಯಾರೆ. ತಂಗಿ, ಆ ಗಾಡಿ ಮುಟ್ಟಬ್ಯಾಡ."

"ಆಯಿ, ಸುಮ್ಮ ಕುಂದ್ರ! ಗಿರಾಕಿ ಕೇಳತಾರ."

"ಕೇಳಿತ್ರಿ," ಎಂದ ಅವನು. "ಆಯಿ, ಸತ್ತಾವ ಅಲ್ಲ ನಾ, ಹೊರ್ತಿ ಊರಾಂವ ಯುವರಾಜ. ಕುರಿಗೋಳಿಗೆ ಸೂಜಿ ಮಾಡಾಂವ."

ಹಟ್ಟಿಯಿಂದ ಹಟ್ಟಿಗೆ ಹೋಗಿ ಕುರಿಗಳಿಗೆ ಲಸಿಕೆ ಹಾಕುವುದು ಅವನ ಕೆಲಸ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಕುರಿಗಾರರು ಬೀಡುಬಿಟ್ಟಲ್ಲಿಗೆಲ್ಲ ಈ ಹಳೆಯ ಜೀಪು ಹೋಗುತ್ತಿತ್ತು. ದಾರಿ ಇಲ್ಲದ ದಾರಿ. ಹಳ್ಳ, ಬಂಡೆ, ಕೊರಕಲು.

ಭಾಗ್ಯಾ ಬಗ್ಗಿ ಜೀಪಿನ ಹೊಟ್ಟೆ ನೋಡಿದಳು. ಬಾಗಿಲ ಕೆಳಗಿನ ಅಂಚಿಗೆ ಯಾರೋ ಕಬ್ಬಿಣದ ಆಂಗಲ್ ತುಂಡು ಬಿಗಿದಿದ್ದರು. ಬಂಡೆ ಅದನ್ನು ಮೇಲಕ್ಕೊತ್ತಿ, ಅದು ತಗಡನ್ನು ಒತ್ತಿ, ಬಾಗಿಲು ಕಚ್ಚಿಕೊಂಡಿತ್ತು.

"ಇದನ್ನ ಯಾವ ಪುಣ್ಯಾತ್ಮ ಹಚ್ಚಿದ್ದು?"

"ಇಲ್ಲೇ ನಿಂತಾನ್ರಿ ಆ ಪುಣ್ಯಾತ್ಮ."

ಅವಳಿಗೆ ನಗು ತಡೆಯಲಾಗಲಿಲ್ಲ. "ತಗಡಿಗೆ ಬಿಗದ್ರ ಹಿಂಗ ಆಗತೈತಿ. ಚಾಸಿಗೆ ಬೆಸೀಬೇಕು, ಗಾಡಿ ಬೆನ್ನೆಲಬಿಗೆ."

ಅವನು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಬಾಗಿಲ ಕೆಳಗೆ ಎರಡೂ ಬದಿಗೆ ಉದ್ದಕ್ಕೆ ದಪ್ಪ ಪೈಪು. ಬಂಡೆ ತಾಗಿದರೆ ಪೆಟ್ಟು ಪೈಪಿಗೆ, ಗಾಡಿ ಅದರ ಮೇಲೆ ಜಾರಿ ಮುಂದೆ ಹೋಗುತ್ತದೆ.

"ರಾಕ್ ಸ್ಲೈಡರ್ ಅಂತಾರ. ಕೊಂಡು ತರೂದು ನಮ್ಮಂಥವರಿಗೆ ಆಗೂದಲ್ಲ. ನೀವು ಮಾಡ್ತೀರೇನು?"

"ಪೈಪ್ ಐತಿ, ಬೆಂಕಿ ಐತಿ. ಯಾಕ ಆಗೂದಿಲ್ಲ?"

ಅಜ್ಜಿ ಮೊರ ಎತ್ತಿಕೊಂಡು ಒಳಗೆ ಹೋದಳು. ಹೋಗುವಾಗ ಹೊಸ್ತಿಲಲ್ಲಿ ಉಗುಳಿ ದೃಷ್ಟಿ ತೆಗೆದಳು... ಯಾರದೆಂದು ಹೇಳಲಿಲ್ಲ.

ಮರುದಿನದಿಂದ ಕೆಲಸ ನಡೆಯಿತು. ಹಳೆಯ ಲಗ್ನಪತ್ರಿಕೆಯ ದಪ್ಪ ರಟ್ಟನ್ನು ಪೈಪಿಗೆ ಸುತ್ತಿ, ಗೀಟು ಹಾಕಿ, ಭಾಗ್ಯಾ ಅದರ ತುದಿಯನ್ನು ಮೀನಿನ ಬಾಯಿಯಂತೆ ಕೊರೆಯುತ್ತಿದ್ದಳು. ಒಂದು ಪೈಪು ಇನ್ನೊಂದನ್ನು ಬಾಯಲ್ಲಿ ಕಚ್ಚಿ ಕೂರಬೇಕು, ಸಂದಿ ಉಳಿಯಬಾರದು. ಯುವರಾಜ ಕಟರ್ ಹಿಡಿಯುತ್ತಿದ್ದ, ಬಾಗಿಲು ಬಡಿದು ಸರಿಮಾಡುತ್ತಿದ್ದ, ಚಹಾ ತರುತ್ತಿದ್ದ. ಮತ್ತೆ ಮತ್ತೆ ಅವಳ ಮುಖ ನೋಡುತ್ತಿದ್ದ.

"ಮಾರಿ ಮ್ಯಾಲೆ ಏನೈತ್ರಿ ಹಂಗ ನೋಡಾಕ?"

"ಮಸಿ."

"ಮತ್ತ ಹೇಳಬಾರದ!"

"ಚಂದ ಕಾಣತೈತಿ, ಇರಲಿ ಅಂತ ಬಿಟ್ಟೆ."

ಅವಳು ಗಾಜನ್ನು ಫಟ್ಟನೆ ಕೆಳಗಿಳಿಸಿಕೊಂಡಳು. ಕಪ್ಪು ಗಾಜಿನ ಹಿಂದೆ ಕೆನ್ನೆ ಕೆಂಪಾದರೆ ಯಾರಿಗೆ ಕಾಣುತ್ತದೆ?

ಆದರೆ ಎಡಬದಿಯ ಪೈಪಿಗೆ ಕಿಡಿ ಹೊತ್ತಿಸಿದಾಗಲೆಲ್ಲ ಕರೆಂಟು ಹೋಗುತ್ತಿತ್ತು. ಮೊದಲು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಅಂಥ ಕತ್ತಲಲ್ಲಿ ಅಜ್ಜಿಯ ಧ್ವನಿ ಮೂಲೆಯಿಂದ ಬರುತ್ತಿತ್ತು.

"ಮುದ್ದೇಬಿಹಾಳದ ಹಾದ್ಯಾಗ ಒಂದು ಹಳ್ಳ ಐತಿ. ಹಿಂದಕ ಒಬ್ಬಾಕಿ ಮದುಮಗಳು ಬಾಸಿಂಗ ಕಟಗೊಂಡು ಅಲ್ಲಿ ಕಾಯಕೋತ ಕುಂತಿದ್ಳಂತ. ಆ ಕಡೆ ದಂಡ್ಯಾಗಿನ ಮದುಮಗ ನೀರಿಗಿಳಿದಾಂವ ಏಳಲೇ ಇಲ್ಲ. ಆಕಿ ಈಗೂ ಕುಂತಾಳ. ಮಳಿಗಾಲ ಬಂತಂದ್ರ ನೀರಾಗ ಕೈ ಹಾಕಿ ಹುಡುಕತಾಳ... ಯಾರದರ ಕೈ ಸಿಕ್ರ ಬಿಡೂದಿಲ್ಲ."

"ಆಯಿ, ನಾ ದಿನಾ ದಾಟೂದು ಅದ ಹಳ್ಳ," ಎಂದ ಯುವರಾಜ.

ಅಜ್ಜಿ ಎದ್ದು ಗೋಡೆ ತಡವುತ್ತ ಒಳಗೆ ಹೋದಳು.

ಕರೆಂಟು ಬಂತು. ಭಾಗ್ಯಾ ಪೈಪನ್ನು ಚಾಸಿಗೆ ಹಿಡಿದು ಅಲ್ಲೊಂದು ಇಲ್ಲೊಂದು ಕಿಡಿ ಮುಟ್ಟಿಸಿದಳು. ಪೈಪನ್ನು ಚಾಸಿಗೆ ಜೋಡಿಸುವ ಪ್ರತಿ ಕಾಲಿಗೂ ಕಡಲೆಯಷ್ಟು ಲೋಹ.

"ಇಷ್ಟ ಸಣ್ಣ ಚುಕ್ಕಿ ಸಾಕಾಗತೈತ್ರಿ?" ಅವನು ಕೇಳಿದ.

"ಇದು ಟಾಕಾ. ದರ್ಜಿ ಮೊದಲ ಕಚ್ಚಾ ಹೊಲಿಗಿ ಹಾಕತಾನಲ್ಲ, ಹಂಗ. ಎಲ್ಲಾ ನೆಟ್ಟಗ ಕುಂತೈತೇನು ನೋಡಿ ಆಮ್ಯಾಲೆ ಪೂರಾ ಬೆಸುಗಿ."

"ಅಲ್ಲೀತನಕ?"

"ಅಲ್ಲೀತನಕ ಮಾತು ಕೊಟ್ಟಂಗ ಅಷ್ಟ. ಲಗ್ನ ಆದಂಗಲ್ಲ!"

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಅವನು ಬೇಕೆಂದೇ ಗಂಭೀರನಾಗಿ ತಲೆಯಾಡಿಸಿದ.

"ಲಗ್ನ ಆದಮ್ಯಾಲೆ?"

"ಬೆಸುಗಿ ಆದಮ್ಯಾಲೆ! ಪೈಪಿನ ಅಡಿಗೆ ಜಾಕ್ ಕೊಟ್ಟು ಇಡೀ ಗಾಡಿ ಎತ್ರಿ, ಅದರ ಬುಡಕ ಮಲಗ್ರಿ. ನನ್ನ ಬೆಸುಗಿ ಮೋಸ ಮಾಡೂದಿಲ್ಲ."

ಎಂಥ ಮಾತು ಆಡಿಬಿಟ್ಟಳು! ಹೊರಗೆ ಕಾಗೆಯೊಂದು ತಗಡಿನ ಮೇಲೆ ಉಗುರು ಕೆರೆಯಿತು.

ಆ ಅಂಗಡಿಯಲ್ಲಿ ಒಂದು ರೂಢಿಯಿತ್ತು. ಸೋಮನಿಂಗನ ಹಿರಿಯರು ಬೀರದೇವರ ಒಕ್ಕಲು. ದೇವರ ಮುಂದಿನ ಅರಿಸಿನ ಪುಡಿ, ಅಂದರೆ ಭಂಡಾರ, ಒಂದು ಡಬ್ಬಿಯಲ್ಲಿ ಸದಾ ಇರುತ್ತಿತ್ತು. ಕೆಲಸ ಪೂರ್ತಿ ಮುಗಿದ ಮೇಲೆ, ಬೆಸೆದವರೇ ಅದರ ಮೇಲೆ ಭಂಡಾರ ಹಚ್ಚಬೇಕು. ಹಚ್ಚಿದರೆ ಮಾಲು ಹೊರಡಬಹುದು. ಹಚ್ಚದಿದ್ದರೆ ಯಾರು ಬಂದು ಕೇಳಿದರೂ ಇಲ್ಲ.

ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ. ಟಾಕಾ ಎಲ್ಲ ಮುಗಿದಿದ್ದವು. ಸಂಜೆಯೊಳಗೆ ಪೂರ್ತಿ ಬೆಸೆಯಬೇಕೆಂದು ಭಾಗ್ಯಾ ಅವಸರದಲ್ಲಿದ್ದಳು. ಊಟಕ್ಕೆ ಕೂತಾಗ ಅಪ್ಪ ರೊಟ್ಟಿ ಮುರಿಯುತ್ತ ಅಂದ:

"ಸಂತ್ಯಾಗ ಹೊರ್ತಿ ಮಂದಿ ಸಿಕ್ಕಿದ್ರು. ಈ ಹುಡುಗಗ ಸೋದರತ್ತಿ ಮಗಳು ಕಾವೇರಿನ್ನ ಗೊತ್ತು ಮಾಡ್ಯಾರಂತ. ಮಳಿಗಾಲ ಮುಗದಿಂದ ಲಗ್ನ."

ಭಾಗ್ಯಾ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿದಳು.

'ಹಾಗಾದರೆ ಆ ನೋಟ? ಆ ಚಹಾ? ಆ ಮಸಿಯ ಮಾತು?'

ಇಲ್ಲ, ಜನ ಏನಾದರೂ ಆಡುತ್ತಾರೆ. ತಾನೇ ಕೇಳಿಬಿಡುತ್ತೇನೆ ಎಂದುಕೊಂಡು ಹೊರಗೆ ಬಂದಳು. ಯುವರಾಜ ಪೈಪಿನ ಮೇಲೆ ಕೈಯಿಟ್ಟು ಏನೋ ಅಳೆಯುತ್ತಿದ್ದ.

"ಭಾಗ್ಯಾ, ಇದರ ಮ್ಯಾಲೊಂದು ಅಗಲ ಪಟ್ಟಿ ಕೂಡಸ್ರಿ. ಸೀರಿ ಉಟ್ಟಾಕಿ ಕಾಲಿಟ್ಟು ಹತ್ತುವಂಗ."

"ಯಾರ ಹತ್ತೋರು?"

ಅವನು ನಾಚಿ ನೆಲ ನೋಡಿದ. "ಹತ್ತಾಕಿ ಅದಾಳ್ರಿ ಒಬ್ಬಾಕಿ. ನಾಳಿ ಹೇಳತೇನಿ."

ಸಾಕಾಯಿತು. ಅವಳಿಗೆ ಮತ್ತೇನೂ ಕೇಳಬೇಕಿರಲಿಲ್ಲ. ಕೈಗವಸು ಕಳಚಿ ಎಸೆದಳು, ಮಶೀನು ಬಂದ್ ಮಾಡಿದಳು. "ತಲಿ ಬ್ಯಾನಿ ಆಗೇತಿ" ಎಂದು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

'ನಾಳೆ ಅಮಾವಾಸ್ಯೆ, ಅಂಗಡಿಯಲ್ಲಿ ಬೆಂಕಿ ಹಚ್ಚುವುದಿಲ್ಲ. ನಾಡಿದ್ದು ಇವನ ಮುಖ ನೋಡದೆ ಬೆಸೆದು, ಭಂಡಾರ ಹಚ್ಚಿ ಕಳಿಸಿದರಾಯಿತು. ಹತ್ತಲಿ, ಅವನ ಕಾವೇರಿ ಹತ್ತಲಿ!'

ಕಣ್ಣೀರು ಕೌದಿಯೊಳಗೆ ಇಳಿಯಿತು. ಅರ್ಧ ಉಳಿದ ಕೆಲಸದ ಸುದ್ದಿಯನ್ನು ಅವಳು ಯಾರಿಗೂ ಹೇಳಲಿಲ್ಲ.

ಬೆಳಿಗ್ಗೆ ಹೊರಗೆ ತೆಂಗಿನಕಾಯಿ ಒಡೆದ ಸದ್ದು. ಆಮೇಲೆ ಅವನ ಧ್ವನಿ.

"ಭಾಗ್ಯಾ ಎಲ್ಲಿ ಕಾಕಾ?"

"ತಲಿ ಬ್ಯಾನಿ ಅಂತ ಮಲಗ್ಯಾಳ."

ಜೀಪು ಚಾಲೂ ಆಯಿತು. ಪೂಜೆಗೆ ಗಾಡಿಯ ಮುಖ ತಿರುಗಿಸುತ್ತಿರಬೇಕು ಎಂದುಕೊಂಡು ಅವಳು ಮಗ್ಗುಲಾದಳು. ಎದ್ದು ಹೊರಗೆ ಬಂದಾಗ ಅಜ್ಜಿ ಕಟ್ಟೆಯ ಮೇಲೆ ಹಸಿ ಮಣ್ಣಿನ ಎತ್ತು ಮಾಡುತ್ತಿದ್ದಳು. ಅಂಗಳ ಖಾಲಿ. ನೆಲದ ಮೇಲೆ ಕರಿ ಬಣ್ಣದ ಹನಿಗಳು.

"ಅಪ್ಪಾ... ಜೀಪ್ ಎಲ್ಲಿ?"

"ಕೊಟ್ಟು ಕಳಿಸಿದೆ. ಹಳ್ಳದಾಚಿ ಹಟ್ಟ್ಯಾಗ ಕರಳಬ್ಯಾನಿ ಬಿದ್ದು ಕುರಿ ಸಾಯಾಕತ್ತಾವಂತ, ಗಡಬಡ್ಸಿ ಬಂದಿದ್ದ. ನೀ ಹೆಂಗೂ ಭಂಡಾರ ಹಚ್ಚಿದ್ದೆಲ್ಲ, ನಾ ನಸಿಕಿನ್ಯಾಗ ಬಣ್ಣಾ ಹೊಡದೆ..."

"ನಾ ಎಲ್ಲಿ ಹಚ್ಚೀನಿ?!"

ಅಜ್ಜಿ ಮಣ್ಣಿನ ಎತ್ತನ್ನು ಕೆಳಗಿಟ್ಟಳು. "ನಾ ಹಚ್ಚೀನಿ, ತಂಗಿ. ಎದ್ದಕೂಡಲೆ ಹಚ್ಚಿ ಕೈ ಮುಗದೆ. ಆ ಹುಡುಗಗ ಏನರ ಆದೀತಂತ ನಂಗ ಅಂಜಿಕಿ ಬಂದಿತ್ತು. ದೇವರು ಕಾಯಲಿ ಅಂತ..."

ಸೋಮನಿಂಗ ಗೋಡೆ ಹಿಡಿದುಕೊಂಡ.

"ಅಪ್ಪಾ... ಬರೇ ಟಾಕಾ ಅದಾವ. ಒಂದಕ್ಕೂ ಪೂರಾ ಬೆಸುಗಿ ಇಲ್ಲ!"

ಕಡಲೆಯಷ್ಟು ಲೋಹ. ಅದರ ಮೇಲೆ ಕಪ್ಪು ಬಣ್ಣ. ಬಣ್ಣ ತಾಗದಂತೆ ಬಿಟ್ಟ ಜಾಗದಲ್ಲಿ ದೇವರ ಅರಿಸಿನ. ನೋಡಿದವರು ಯಾರೂ ಅನುಮಾನಪಡುವಂತಿರಲಿಲ್ಲ.

ಅವಳು ಫೋನು ಹಚ್ಚಿದಳು. ವ್ಯಾಪ್ತಿ ಪ್ರದೇಶದ ಹೊರಗೆ... ಮತ್ತೆ ಹಚ್ಚಿದಳು. ವ್ಯಾಪ್ತಿ ಪ್ರದೇಶದ ಹೊರಗೆ.

ಅಪ್ಪನ ಕಣ್ಣನ್ನು ನಂಬುವಂತಿರಲಿಲ್ಲ, ಬೈಕನ್ನು ಅವಳೇ ಓಡಿಸಿದಳು. ಹಿಂದೆ ಅಪ್ಪ, ಅವನ ಕೈಯಲ್ಲಿ ಕಬ್ಬಿಣದ ಹಾರೆ. ಹೂವಿನ ಹಿಪ್ಪರಗಿ ದಾಟುವಾಗ ಮಕ್ಕಳು ಮಣ್ಣೆತ್ತು ಹಿಡಿದು ಬೀದಿಯಲ್ಲಿ ಕುಣಿಯುತ್ತಿದ್ದರು. ಬೈಕಿಗೆ ಹೆದರಿ ಸರಿದ ಒಂದು ಮಗುವಿನ ಕೈಯಿಂದ ಎತ್ತು ಬಿತ್ತು, ಕೋಡು ಮುರಿಯಿತು. ಮಗುವಿನ ಅಳು ಬಹಳ ದೂರದವರೆಗೂ ಬೆನ್ನು ಹತ್ತಿ ಬಂದಂತಿತ್ತು.

ಮುಂದೆ ಮುದ್ದೇಬಿಹಾಳದ ಕಡೆ ಮುಗಿಲು ಎರೆ ನೆಲದಷ್ಟೇ ಕಪ್ಪಾಗಿತ್ತು. ಎರಡು ಕಪ್ಪುಗಳ ನಡುವೆ ತೆಳ್ಳಗೊಂದು ಬೆಳಕಿನ ಗೆರೆ. ಅದೂ ಮುಚ್ಚುತ್ತಿತ್ತು.

'ಸಿಟ್ಟು ನನ್ನದು. ಅವನ ಜೀವ ಏನು ಮಾಡಿತ್ತು?'

ಹಳ್ಳದ ದಂಡೆಗೆ ಬಂದಾಗ ಮೊದಲು ಕಂಡದ್ದು ಜೀಪು. ಬಂಡೆಗಳ ನಡುವೆ ಒಂದು ಬದಿಗೆ ವಾಲಿ ನಿಂತಿತ್ತು. ಎಡಬದಿಯ ಪೈಪಿನ ಅಡಿಗೆ ಜಾಕು. ಅದರ ಮೇಲೆ ಇಡೀ ಗಾಡಿ.

ಗಾಡಿಯ ಅಡಿಯಿಂದ ಎರಡು ಕಾಲುಗಳು ಹೊರಗೆ ಚಾಚಿದ್ದವು.

ಅವಳು ಕೂಗಲಿಲ್ಲ. ಕೂಗಿದರೆ ಅವನು ಗಾಬರಿಯಿಂದ ಕದಲಿಯಾನು! ನೀರಿನಲ್ಲಿ ಮೆಲ್ಲನೆ ಹೆಜ್ಜೆಯಿಟ್ಟು ಹತ್ತಿರ ಹೋದಳು. ಪೈಪಿನ ಕಾಲಿನ ಬುಡದಲ್ಲಿ ಬಣ್ಣ ಬಿರಿದು, ಕೂದಲಿನಂಥ ಬೆಳ್ಳಿ ಗೆರೆ ಹೊಳೆಯುತ್ತಿತ್ತು. ಟಾಕಾ ಬಿಡುತ್ತಿತ್ತು.

"ಯುವರಾಜ..."

"ಭಾಗ್ಯಾ?" ಕೆಳಗಿನಿಂದ ದಣಿದ ಧ್ವನಿ. "ತಲಿ ಬ್ಯಾನಿ ಹೋತೇನು?"

"ಅಲ್ಲಾಡಬ್ಯಾಡ್ರಿ. ಉಸರೂ ಸಣ್ಣಗ ಬಿಡ್ರಿ."

"ಅಲ್ಲಾಡಾಕ ಬರಂಗಿಲ್ಲ. ಚಕ್ರದ ಸಂದ್ಯಾಗ ಬಂಡಿಗಲ್ಲು ಸಿಕ್ಕಿತ್ತು. ತೆಗೀಬೇಕಂತ ಗಾಡಿ ಎತ್ತಿ ಕೈ ಹಾಕಿದೆ, ಅದು ಜರದು ಕೈ ಮ್ಯಾಲೆ ಕುಂತೈತಿ. ನೀರೂ ಏರಾಕತ್ತೈತಿ... ಕಿವಿಗೆ ಬಂತು."

"ಯುವರಾಜ, ಪೈಪಿಗೆ ಪೂರಾ ಬೆಸುಗಿ ಇಲ್ಲ. ಬರೇ ಟಾಕಾ."

"ಭಂಡಾರ ಇತ್ತಲ್ಲ?"

"ಆಯಿ ಹಚ್ಚಿದ್ದು. ನಿಮಗ ಕೇಡಾಗಬಾರದಂತ."

ಟಣ್!

ಒಂದು ಟಾಕಾ ಹಾರಿತು. ಗಾಡಿ ಬೆರಳಗಲ ಕುಸಿಯಿತು. ಸೋಮನಿಂಗ ಆಗಲೇ ಹಳ್ಳದ ಚಪ್ಪಟೆ ಪರಸಿಕಲ್ಲುಗಳನ್ನು ಎಳೆದು ತರುತ್ತಿದ್ದ. ಭಾಗ್ಯಾ ಮೊಣಕಾಲೂರಿ ಅವನ್ನು ಚಾಸಿಯ ಅಡಿಗೆ ಒಂದರ ಮೇಲೊಂದು ಸೇರಿಸತೊಡಗಿದಳು. ಪೈಪು ಹೋದರೂ ಗಾಡಿ ಕಲ್ಲಿನ ಮೇಲೆ ಕೂರಬೇಕು. ಅವನ ಎದೆಯ ಮೇಲಲ್ಲ!

"ಒಂದು ಕೇಳ್ಲಿ?" ಅವನ ಧ್ವನಿ ನಡುಗುತ್ತಿತ್ತು. ಆದರೂ ಅದರಲ್ಲಿ ಒಂದು ತುಂಟತನ ಉಳಿದಿತ್ತು. "ಆಯಿ ಭಂಡಾರ ಹಚ್ಚಿದ್ಳು. ಮೊಮ್ಮಗಳು ಏನ್ ಮಾಡಾಕತ್ತಿದ್ಳು?"

"ಮೊಮ್ಮಗಳು ಸಿಟ್ಟಿಗೆದ್ದು ಕೆಲಸಾ ಅರ್ಧಕ್ಕ ಬಿಟ್ಟು ಮಲಗಿದ್ಳು." ಕಣ್ಣೀರು ಕಲ್ಲಿನ ಮೇಲೆ ಬಿತ್ತು. "ಕಾವೇರಿ ಹತ್ತಾಕ ಪಟ್ಟಿ ಕೂಡಸಂದ್ರ ಸಿಟ್ಟ ಬರೂದಿಲ್ಲೇನು?"

"ಯಾ ಕಾವೇರಿ? ನಮ್ಮತ್ತಿ ಮಗಳಾ? ಆಕಿನೂ ಒಲ್ಲೆ ಅಂದ್ಳು, ನಾನೂ ಒಲ್ಲೆ ಅಂದೆ. ಮಾತು ಮುರದು ಎಷ್ಟೋ ದಿನಾ ಆತು."

ಕಲ್ಲು ಹಿಡಿದ ಅವಳ ಕೈ ಗಾಳಿಯಲ್ಲೇ ನಿಂತಿತು.

"ಮತ್ತ... ಪಟ್ಟಿ?"

"ಬೆಸುಗಿ ಹಚ್ಚಾಕಿ ದಿನಾ ಅಪ್ಪನ ಹಳೇ ಅಂಗಿ ಹಾಕ್ಕೊಂಡಿರತಾಳ. ಲಗ್ನದ ದಿನಾ ಆದ್ರೂ ಸೀರಿ ಉಡತಾಳಲ್ಲ... ಅದಕ್ಕ."

ಟಣ್!

"ಏ ಹುಡುಗಿ, ಆ ಮಾತು ಆಮ್ಯಾಲೆ!" ಸೋಮನಿಂಗ ಗುಡುಗಿದ. "ಕಲ್ಲು ಸೇರಸು!"

ಅವಳು ಸೇರಿಸಿದಳು. ಉಗುರು ಕಿತ್ತುಹೋಯಿತು, ತಿಳಿಯಲಿಲ್ಲ. ಕೊನೆಯ ಕಲ್ಲು ಚಾಸಿಗೆ ಬಿಗಿಯಾಗಿ ಕಚ್ಚಿ ಕೂತಿತು. ಸೋಮನಿಂಗ ಹಾರೆಯನ್ನು ಬಂಡೆಯ ಸಂದಿಗೆ ತೂರಿಸಿ ಮೈಯೆಲ್ಲ ಭಾರ ಹಾಕಿದ. ಬಂಡೆ ಕದಲಿತೋ ಇಲ್ಲವೋ... "ಬಂತು! ಕೈ ಬಂತು!" ಎಂಬ ಕೂಗು ಕೇಳಿತು. ಭಾಗ್ಯಾ ಅವನ ನಡುಪಟ್ಟಿ ಹಿಡಿದು ಜಗ್ಗಿದಳು.

ಅವನು ಹೊರಗೆ ಉರುಳಿದ. ಅದೇ ಕ್ಷಣಕ್ಕೆ ಟಣ್, ಟಣ್, ಟಣ್! ಪೈಪು ಪೂರ್ತಿ ಕಿತ್ತುಬಂತು, ಜಾಕು ಹಾರಿ ನೀರಿಗೆ ಬಿತ್ತು. ಜೀಪು ಒಮ್ಮೆ ನರಳಿ ಕಲ್ಲುಗಳ ಮೇಲೆ ಕೂತಿತು.

ಕಲ್ಲು ತಡೆಯಿತು.

ಮೂವರೂ ನೀರಿನಲ್ಲೇ ಕೂತುಬಿಟ್ಟರು. ಭಾಗ್ಯಾ ಅವನ ಮುಖ ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಸೋಮನಿಂಗ ಬೇರೆ ಕಡೆ ನೋಡುತ್ತ ಕೆಮ್ಮಿದ.

ಯುವರಾಜನ ಬಲಗೈ ಮೊಣಕೈವರೆಗೆ ಊದಿ ನೀಲಿಯಾಗಿತ್ತು.

"ಏಳ್ರಿ, ದವಾಖಾನಿಗೆ ಹೋಗೂಣು," ಎಂದಳು.

ಅವನು ಆಚೆ ದಂಡೆ ನೋಡಿದ. ಅಲ್ಲಿ ಮಸುಕಿನಲ್ಲಿ ಕುರಿಹಿಂಡು ಒತ್ತಾಗಿ ನಿಂತಿತ್ತು. ಯಾರೋ ಮುದುಕಿ ಟವೆಲ್ ಬೀಸುತ್ತಿದ್ದಳು.

"ಔಷಧ ಬರ್ಫದಾಗ ಐತಿ, ಭಾಗ್ಯಾ. ಬರ್ಫ ಕರಗಿತಂದ್ರ ಮುಗೀತು. ಒಂದ ಹಟ್ಟಿಗೆ ಬ್ಯಾನಿ ಬಂದೈತಿ, ಉಳದ ಹಿಂಡು ಇವತ್ತ ಸೂಜಿ ಮಾಡಿದ್ರ ಉಳೀತಾವ."

"ಈ ಕೈಲೆ?"

ಅವಳು ಜೀಪಿನ ಹಿಂದೆ ಹೋಗಿ ಲಸಿಕೆಯ ಪೆಟ್ಟಿಗೆ ಎಳೆದು ಇಳಿಸಿದಳು. ಭಾರದ ಪೆಟ್ಟಿಗೆ, ಎರಡು ಬದಿಗೆ ಎರಡು ಹಿಡಿಕೆ.

"ಎಲ್ಲಿ ಚುಚ್ಚಬೇಕು, ಎಷ್ಟ ಹಾಕಬೇಕು ನೀವು ಹೇಳ್ರಿ. ನಾ ಚುಚ್ಚತೇನಿ. ನನ್ನ ಕೈ ನಡಗೂದಿಲ್ಲ."

"ಮಾಮಾ..." ಎಂದು ಯುವರಾಜ ಸೋಮನಿಂಗನತ್ತ ತಿರುಗಿದ. ಬೆಳಿಗ್ಗೆಯವರೆಗೆ ಕಾಕಾ ಎನ್ನುತ್ತಿದ್ದವನು!

ಸೋಮನಿಂಗ ಮಗಳನ್ನು ನೋಡಿದ. ಕಪ್ಪು ಮುಗಿಲನ್ನೂ ನೋಡಿದ. "ಲಗೂನ ದಾಟ್ರಿ. ನೀರು ಇನ್ನೂ ಮೊಣಕಾಲಮಟ ಐತಿ. ನಾ ಹತ್ತರದ ಊರಿಗೆ ನಡದು ಹೋಗಿ ಟ್ರ್ಯಾಕ್ಟರ್ ತರಸತೇನಿ, ಗಾಡಿ ಎಳಿಯೂಣು. ಮನ್ಯಾಗಿನ ಮುದುಕಿಗೆ ಫೋನ್ ಹಚ್ಚಿ ಹೇಳತೇನಿ... ಇಬ್ಬರೂ ಅದಾರಂತ."

ಒಂದು ಹಿಡಿಕೆ ಅವಳ ಬಲಗೈಯಲ್ಲಿ, ಇನ್ನೊಂದು ಅವನ ಎಡಗೈಯಲ್ಲಿ. ನಡುವೆ ಪೆಟ್ಟಿಗೆ. ಇಬ್ಬರೂ ಹೆಜ್ಜೆ ಹುಡುಕುತ್ತ ನೀರಿಗಿಳಿದರು. ಮೇಲ್ಗಡೆ ಎಲ್ಲೋ ಮಳೆ ಸುರಿಯುತ್ತಿತ್ತು. ನೀರಿನ ಬಣ್ಣ ಕೆಂಪಾಗುತ್ತಿತ್ತು, ಸೆಳೆತ ಕಾಲನ್ನು ಬಳಸಿ ಎಳೆಯುತ್ತಿತ್ತು. ಗುಡುಗು ಹಳ್ಳದ ಬಂಡೆಗಳೊಳಗೆ ಉರುಳಿದಂತೆ ಕೇಳಿತು. ಭಾಗ್ಯಾ ಒಂದು ಕ್ಷಣ ನಿಂತಳು.

"ಅಂಜಿಕಿ ಬಂತೇನು?" ಅವನು ಮೆಲ್ಲಗೆ ಕೇಳಿದ.

"ಬಂತು."

"ಹಿಂದಕ್ಕ ಹೋಗೂಣು?"

ಅವಳು ಹಿಡಿಕೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಳು.

"ಅಂಜಿಕಿ ಬಂತು ಅಂದೆ. ನಿನ್ನ ಸಂಗಾಟ ಬರಂಗಿಲ್ಲ ಅಂದ್ನೇನು? ನಡಿ."